ಭೂಮಿಗಿಂತ ಹಳೆಯ ಕಲ್ಲು

ಜೋಳದ ಹೊಟ್ಟಿನ ವಾಸನೆ ಮೂಗಿಗಿಂತ ಮೊದಲು ಕುತ್ತಿಗೆಗೆ ತಿಳಿಯುತ್ತದೆ. ಬೆವರಿಗೆ ಅಂಟಿ ತುರಿಸಲು ಶುರುವಾದ ಮೇಲೆ, ಓ, ಎಲ್ಲೋ ರಾಶಿ ನಡೆದಿದೆ ಎಂದು ಮೂಗು ಹೇಳುತ್ತದೆ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಅಕ್ಕಲಕೋಟೆಯಿಂದ ಹೊರಟ ಬಸ್ಸು ನನ್ನನ್ನು ಮೈಂದರ್ಗಿಯಲ್ಲಿ ಇಳಿಸಿ, ತಾನೆಬ್ಬಿಸಿದ ಧೂಳಿನಲ್ಲೇ ಮರೆಯಾಯಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡೆ. ತುರಿಕೆ ಹೋಗಲಿಲ್ಲ. ಅತ್ತೆ ತೀರಿಕೊಂಡು ತಿಂಗಳಾಗಿತ್ತು. ಮನೆಯವರನ್ನು ಮಾತನಾಡಿಸಿಕೊಂಡು ಬರುವುದು ಲೋಕರೂಢಿ. ಆ ಮನೆಯ ಸೊಸೆಯಾಗಿ ಹೋಗಬೇಕೋ, ಸೋಲಾಪುರದಿಂದ ಬಂದ, ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಬಾಯಿಯಾಗಿ ಹೋಗಬೇಕೋ ಎಂಬುದು ಬಸ್ಸಿಳಿಯುವವರೆಗೂ ನನ್ನೊಳಗೆ ಇತ್ಯರ್ಥವಾಗಿರಲಿಲ್ಲ. ಅಲ್ಲಿ ನಾನು ಬಾಳ್ವೆ ಮಾಡಿದ್ದು ಮೂರು ವರ್ಷವೂ ತುಂಬಲಿಲ್ಲ. ಆದರೆ ಅದರೊಳಗಿನ ಒಂದು ಸುಗ್ಗಿ ನನ್ನನ್ನು ಈವರೆಗೆ ಬಿಟ್ಟಿಲ್ಲ.

ನಾನು ಹುಟ್ಟಿದ್ದು ಸೋಲಾಪುರದ ವ್ಯಾಪಾರಸ್ಥರ ಮನೆಯಲ್ಲಿ. ಅಪ್ಪನದು ಚಾದರದ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿದರೆ ನಮ್ಮ ಓಣಿಯ ಜನಕ್ಕೆ ಎಲೆ ಅಡಿಕೆಯ ಜೊತೆ ಮೆಲ್ಲಲು ಒಂದು ಮಾತು ಸಿಕ್ಕಂತೆ. ಅಪ್ಪ ಅದನ್ನೂ ಲೆಕ್ಕಿಸದೆ ನನ್ನನ್ನು ಕಳಿಸಿದ, ಅದೂ ವಿಜ್ಞಾನಕ್ಕೆ. ಅಲ್ಲಿ ಜೋಶಿ ಸರ್ ಇದ್ದರು. ಪಾಠಕ್ಕೆ ಕುದುರಿದರೆಂದರೆ ಅವರಿಗೆ ಗಂಟೆ ಹೊಡೆದದ್ದು ಕೇಳುತ್ತಿರಲಿಲ್ಲ, ಎದುರು ಕುಳಿತವರೂ ಕಾಣುತ್ತಿರಲಿಲ್ಲ. ಒಂದು ದಿನ ಗಾಜಿನ ಲೋಟದ ನೀರಿಗೆ ಸುಣ್ಣದ ಬಳಪ ಪುಡಿಮಾಡಿ ಹಾಕಿ, ಚಮಚದಿಂದ ಗರಗರ ತಿರುಗಿಸಿ ಸುಮ್ಮನೆ ನಿಂತರು. ನೀರು ಸುತ್ತುತ್ತ ಸುತ್ತುತ್ತ ಪುಡಿಯೆಲ್ಲ ನಡುವೆ ಬಂದು ಗುಡ್ಡೆಯಾಯಿತು. ಹೀಗೇ ಎಂದಲ್ಲ, ಆದರೆ ಸುತ್ತುವುದರಿಂದಲೇ ಜಗತ್ತು ಆಗುತ್ತದೆ ಎಂಬುದನ್ನು ನೆನಪಿಡಿ ಎಂದರು. ಸೂರ್ಯ, ಭೂಮಿ, ಗುರು, ಶನಿ ಎಲ್ಲವೂ ಒಂದು ಕಾಲಕ್ಕೆ ಒಂದೇ ಧೂಳಿನ ಮೋಡವಾಗಿದ್ದವು. ಆ ಮೋಡ ತನ್ನ ಭಾರಕ್ಕೆ ತಾನೇ ಕುಸಿಯಿತು, ಕುಸಿದಷ್ಟೂ ಜೋರಾಗಿ ಸುತ್ತಿತು, ಸುತ್ತಿದಷ್ಟೂ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ನಡುವೆ ಗುಡ್ಡೆಯಾದದ್ದು ಸೂರ್ಯ. ಸುತ್ತ ಉಳಿದದ್ದು ನಾವು. ಗ್ರಹ ಮಾಡಿ ಮಿಕ್ಕ ಚೂರುಪಾರು ಇನ್ನೂ ಅಲೆಯುತ್ತಿದೆ, ಒಮ್ಮೊಮ್ಮೆ ನಮ್ಮ ತಲೆಯ ಮೇಲೂ ಬೀಳುತ್ತದೆ ಎಂದು ಅವರು ಮೇಲೆ ನೋಡಿದಾಗ ಇಡೀ ವರ್ಗ ನಕ್ಕಿತು. ನಾನೂ ನಕ್ಕೆ.

ಎರಡನೆಯ ವರ್ಷದ ಪರೀಕ್ಷೆಗೆ ಮೊದಲೇ ನನ್ನ ಮದುವೆಯಾಯಿತು. ಒಳ್ಳೆಯ ಸಂಬಂಧ ಬಂದಾಗ ಅಪ್ಪನ ಧೈರ್ಯ ಅಷ್ಟಕ್ಕೇ ಮುಗಿಯಿತು. ಮೈಂದರ್ಗಿಯ ಹೊಲಮನೆಯವರು. ಮಾವ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವರು ಅತ್ತೆ ಗುರುಬಾಯಿ. ಭಾವ ರೇವಪ್ಪನಿಗೆ ಮಕ್ಕಳಾಗಿರಲಿಲ್ಲ. ನನ್ನ ಗಂಡ ಮಲ್ಲಿನಾಥ ಕಿರಿಯ ಮಗ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು, ಬಿಟ್ಟದ್ದಕ್ಕೆ ಕೊನೆಯವರೆಗೂ ಹಳಹಳಿಸಿದವರು. ಬೇರೆ ಗಂಡಸರಾಗಿದ್ದರೆ ನನ್ನ ಕಾಲೇಜನ್ನು ಎತ್ತಿ ಆಡುತ್ತಿದ್ದರು. ಇವರು ಮೊದಲ ವಾರವೇ ಕೇಳಿದರು: "ಸೋಲಾಪೂರದಾಕಿ, ನಿಮ್ಮ ಸರ್ ಏನೇನ ಕಲಿಸ್ಯಾರ, ನನಗೂ ಹೇಳ. ನಾನೂ ಒಂದೀಟ ಶಾಣ್ಯಾ ಆಗತೇನಿ."

ಎರಡು ವರ್ಷ ಅಡಿಗೆ, ಬಾಣಂತನ, ಕೂಸಿನ ಆರೈಕೆಯಲ್ಲಿ ಆ ಮಾತು ಹಾಗೇ ಉಳಿಯಿತು. ಮಗ ಸಿದ್ಧಾರಾಮ ಹುಟ್ಟಿ, ಗೋಡೆ ಹಿಡಿದು ನಡೆಯಲು ಕಲಿತ. ಎಪ್ಪತ್ತೆರಡರ ಬರದ ನಂತರ ನಮ್ಮ ಕಡೆ ಬಂದ ಮೊದಲ ತುಂಬು ಸುಗ್ಗಿ ಅದೇ ವರ್ಷದ್ದು. ಬಿಳಿಜೋಳದ ತೆನೆ ಮುಷ್ಟಿಯಲ್ಲಿ ಹಿಡಿಸುತ್ತಿರಲಿಲ್ಲ. ಊರಿನ ಹೆಂಗಸರು ಒಬ್ಬರಿಗೊಬ್ಬರು ದೃಷ್ಟಿಯಾದೀತೆಂದು ಹೊಲದ ಮಾತನ್ನೇ ಎತ್ತುತ್ತಿರಲಿಲ್ಲ.

ಕಣ ಎಂದರೆ ಏನೆಂದು ನಾನು ಆಗಲೇ ಕಲಿತದ್ದು. ನೆಲ ಕೆತ್ತಿ, ನೀರು ಹೊಡೆದು, ಸಗಣಿ ಬಳಿದು ಅಂಗಳದಂತೆ ಗಟ್ಟಿ ಮಾಡುತ್ತಾರೆ. ನಟ್ಟನಡುವೆ ಮೇಟಿ ಎಂಬ ಕಂಬ. ಆ ಮೇಟಿಗೆ ಎತ್ತುಗಳನ್ನು ಒಂದರ ಕೊರಳಿಗೆ ಒಂದು ಬಿಗಿದು ಸಾಲಾಗಿ ಕಟ್ಟಿ ಸುತ್ತಿಸುವುದೇ ಹಂತಿ. ಎತ್ತುಗಳು ಸುತ್ತುತ್ತವೆ, ಕಾಲಡಿ ತೆನೆ ಕಾಳಾಗುತ್ತದೆ. ಕಣದ ಸುತ್ತ ಬೂದಿಯ ಗೆರೆ ಎಳೆದಿರುತ್ತಾರೆ. ಗೆರೆಯೊಳಗೆ ಚಪ್ಪಲಿ ಇಲ್ಲ, ಜಗಳ ಇಲ್ಲ, ಮತ್ತು 'ಇಲ್ಲ' ಎಂಬ ಮಾತೇ ಇಲ್ಲ. ಕೊಡದ ನೀರು ಮುಗಿದರೆ "ಕೊಡಾ ತುಂಬ್ರಿ" ಅನ್ನಬೇಕು. ಆಳು ಬಾರದಿದ್ದರೆ "ಅಂವ ಊರಾಗ ಇದ್ದಾನ" ಅನ್ನಬೇಕು. ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನದೆ ಲಾಭ ಅನ್ನಬೇಕು. ರಾಶಿಯ ಲಕ್ಷ್ಮಿಯ ಕಿವಿ ಬಹಳ ಚುರುಕಂತೆ; ಇಲ್ಲ ಎಂದದ್ದು ಕೇಳಿದರೆ ಸರಿ, ನಾನು ಇಲ್ಲದಂತಾಗುತ್ತೇನೆ ಎಂದು ಎದ್ದು ನಡೆಯುತ್ತಾಳಂತೆ. ಇದನ್ನೆಲ್ಲ ಅತ್ತೆ ನನ್ನನ್ನು ಕೂಡಿಸಿಕೊಂಡು ಹೇಳಿದ್ದರು. ನಾನೂ ನಕ್ಕು ತಳ್ಳಿಹಾಕಲಿಲ್ಲ. ಅನ್ನ ಕೊಡುವ ಜಾಗದಲ್ಲಿ ನಾಲಿಗೆ ಹಿಡಿದು ಮಾತನಾಡುವುದು ನನಗೆ ಚೆಂದವೇ ಅನ್ನಿಸಿತ್ತು.

ಮಧ್ಯಾಹ್ನ ನಾನು ರೊಟ್ಟಿ ಬುತ್ತಿ ಒಯ್ಯುತ್ತಿದ್ದೆ. ಕೂಸನ್ನು ಬೇವಿನ ಟೊಂಗೆಗೆ ಕಟ್ಟಿದ ಜೋಳಿಗೆಗೆ ಹಾಕಿ, ಕಣದ ಅಂಚಿನಲ್ಲಿ ಬಡಿಸುತ್ತಿದ್ದೆ. ಅತ್ತೆ ಅಲ್ಲೇ ಮೊರದಲ್ಲಿ ಕಾಳು ಹಸನು ಮಾಡುತ್ತ ಕೂತಿರುತ್ತಿದ್ದರು. ಇವರು ಊಟಕ್ಕೆ ಕೂತವರೇ "ನಿನ್ನಿ ಎಲ್ಲೀತನ ಬಂದಿದ್ವಿ?" ಎಂದು ಶುರು ಮಾಡುತ್ತಿದ್ದರು. ಕಥೆಯನ್ನು ಮೊದಲಿನಿಂದ ಹೇಳಲು ಹೋದರೆ ಕೇಳುತ್ತಿರಲಿಲ್ಲ. ಕೈಗೆ ಸಿಗುವ ನೆಲದಿಂದ ಹಿಡಿದು ಹಿಂದಕ್ಕೆ ಹೋಗಬೇಕು. ಹಾಗೆ ದಿನಕ್ಕೊಂದು ಮೆಟ್ಟಿಲು ಹಿಂದೆ ಸರಿದೆವು. ಮೊದಲ ದಿನ ಭೂಮಿ. ಮರುದಿನ ಗ್ರಹಗಳು. ಗಾಳಿ ಬಿಟ್ಟ ಮೇಲೆ ಆಳುಗಳು ಎತ್ತರದ ಮೆಟ್ಟಿನ ಮೇಲೆ ನಿಂತು ಕಾಳು ತೂರುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು.

"ಅಲ್ಲಿ ನೋಡ್ರಿ. ಭಾರದ್ದು ಹತ್ರ ಬೀಳಾಕತ್ತೈತಿ, ಹಗರದ್ದು ದೂರ ಹೋಗಾಕತ್ತೈತಿ. ಸೂರ್ಯಾಗ ಹತ್ರ ಇದ್ದಾವು ಕಲ್ಲಿನ ಗ್ರಹ. ದೂರ ಇದ್ದಾವು ಗಾಳಿ ಗ್ರಹ."

"ಹಂಗಾದ್ರ ನಮ್ಮ ಭೂಮಿ ಕಾಳಿನ ಪೈಕಿ?"

"ಕಾಳಿನ ಪೈಕೀನ ರಿ."

ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಸಂಜೆ ಭಾವನಿಗೂ ಹೇಳಿದರು. ಇನ್ನೊಂದು ದಿನ ಹಂತಿ ತೋರಿಸಿ, ಒಳಗಿನ ಎತ್ತು ಸಾವಕಾಶ ನಡೆಯುತ್ತದೆ, ಹೊರಗಿನದು ಓಡುತ್ತದೆ, ಮೇಲೂ ಹೀಗೇ ಏನು ಎಂದು ಕೇಳಿದರು. ಇಲ್ಲ ಎನ್ನುವಂತಿರಲಿಲ್ಲವಲ್ಲ, "ಮ್ಯಾಲೆ ಉಲ್ಟಾ ಐತ್ರಿ. ಒಳಗಿಂದು ಜೋರ ಓಡತೈತಿ, ಹೊರಗಿಂದು ಸಾವಕಾಶ" ಎಂದೆ. "ಅಲ್ಲಿ ಹಂತಿ ಹೂಡಿದಾಂವ ಒಕ್ಕಲತಾನದಾಂವ ಅಲ್ಲ ಬಿಡು" ಎಂದು ನಕ್ಕರು. ನನ್ನ ಬಾಳಿನಲ್ಲಿ ನನ್ನ ಓದಿಗೆ ಅಷ್ಟು ಬೆಲೆ ಮತ್ತೆಂದೂ ಸಿಗಲಿಲ್ಲ. ಜೋಶಿ ಸರ್ ಮರಾಠಿಯಲ್ಲಿ ತೇಜೋಮೇಘ ಎನ್ನುತ್ತಿದ್ದುದನ್ನು ಧೂಳಿನ ಮೋಡ ಮಾಡಿ, ಆಕಾಶವನ್ನು ಮನೆಯ ಮಾತಿಗೆ ಇಳಿಸುವಾಗ ನನಗೆ ಬಹಳ ಸುಖವಾಗುತ್ತಿತ್ತು. ಅದನ್ನು ಮುಚ್ಚಿಡಲಾರೆ.

ಆ ದಿನ ಗಾಳಿಯೇ ಇರಲಿಲ್ಲ. ಬಿಸಿಲು ಕಣದ ಮೇಲೆ ಬಿದ್ದು ಅಲ್ಲೇ ಕೂತಿತ್ತು. ಸೂರ್ಯನಿಗಿಂತ ಮೊದಲಿನ ಮೋಡ, ಮೋಡಕ್ಕಿಂತ ಮೊದಲಿನ ಹಳೆಯ ನಕ್ಷತ್ರಗಳು, ಅವಕ್ಕೂ ಮೊದಲು ಎಲ್ಲವೂ ಒಂದೇ ಕಡೆ ಹಿಡಿಯಷ್ಟಾಗಿ ಇದ್ದು ಹಿಗ್ಗಲು ಶುರುವಾದದ್ದು, ಇಷ್ಟೂ ಮುಗಿದಿತ್ತು. ಇವರು ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಗದ್ದ ಎತ್ತಿ ಕೇಳಿದರು.

"ಅದಕ್ಕ ಮೊದಲ?"

"ಅದಕ್ಕ ಮೊದಲ ಏನೂ ಇದ್ದಿಲ್ಲ ರಿ" ಎಂದೆ. "ಹೊತ್ತೂ ಇದ್ದಿಲ್ಲ."

ಅತ್ತೆಯ ಕೈಯಲ್ಲಿ ಮೊರ ನಿಂತಿತು. "ಥೂ, ಥೂ! ಕಣದಾಗ ಕುಂತು ಎಂಥಾ ಮಾತ ಆಡ್ತೀ? ಬಾಯಿ ತೊಳಕೋ. ಮೊದಲ ಬಾಯಿ ತೊಳಕೋ" ಎಂದು ಹಿಡಿ ಬೂದಿ ತೂರಿದರು. ಇವರು ನಗುತ್ತ ಎದ್ದರು. "ಯವ್ವಾ, ಅದು ಸಾಲಿ ಮಾತ. ರಾಶಿಗಿ ಹತ್ತೂದಲ್ಲ" ಎಂದು ತಾಯಿಯ ಹೆಗಲು ತಟ್ಟಿ ಹಂತಿಯ ಕಡೆ ಹೋದರು. ನಾನು ಕೊಡದ ನೀರಿನಿಂದ ಬಾಯಿ ಮುಕ್ಕಳಿಸುತ್ತಿದ್ದೆ. ನೀರು ಇನ್ನೂ ಬಾಯಲ್ಲೇ ಇತ್ತು.

ತೋಪು ಹಾರಿಸಿದಂತೆ ಒಂದು ಸದ್ದು, ಅದರ ಬೆನ್ನಿಗೇ ಇನ್ನೊಂದು. ಮೇಲೆ ಯಾರೋ ಹೊಸ ಬಟ್ಟೆಯ ಥಾನು ಹರಿದ ಹಾಗೆ ಉದ್ದನೆಯ ಸದ್ದು. ಬೇವಿನ ಮರದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ನಾನು ಓಡಿದ್ದು ಜೋಳಿಗೆಯ ಕಡೆ. ಕೂಸನ್ನು ಎತ್ತಿಕೊಂಡು ತಿರುಗಿ ನೋಡಿದಾಗ ಎತ್ತುಗಳು ಬೆದರಿ ಹೊರಮುಖವಾಗಿ ನುಗ್ಗಿದ್ದವು. ಮೇಟಿ ಮುರಿದಿತ್ತು. ಒಂದರ ಕೊರಳಿಗೊಂದು ಬಿಗಿದ ಹಗ್ಗ, ಬಿಡಿಸಿಕೊಳ್ಳಲು ದಾರಿಯಿಲ್ಲ. ಆ ಹಗ್ಗದೊಳಗೆ ಸಿಕ್ಕ ಮನುಷ್ಯನ ಮೇಲೆಯೇ ಅವು ಹಾದುಹೋಗಿದ್ದವು. ಬಂಡಿಯಲ್ಲಿ ಊರಿಗೆ ತಂದು, ಅಲ್ಲಿಂದ ಯಾರದೋ ಟ್ರಕ್ಕಿನಲ್ಲಿ ಹಾಕಿಕೊಂಡು ಅಕ್ಕಲಕೋಟೆಗೆ ಹೊರಟೆವು. ದಾರಿಯಲ್ಲಿ ಒಮ್ಮೆ ಇವರು ಕಣ್ಣು ಬಿಟ್ಟರು. "ಎತ್ತಿಗಿ ಪೆಟ್ಟಾಗೇತೇನು?" ಎಂದರು. ಒಂದಕ್ಕೂ ಆಗಿಲ್ಲ ಎಂದೆ. ದವಾಖಾನೆಗೆ ಮುಟ್ಟುವ ಮೊದಲೇ ಜೀವ ಹೋಯಿತು.

ಆ ಸದ್ದನ್ನು ಊರಿನವರು ಮೊದಲು ಕಲ್ಲಿನ ಖಣಿಯಲ್ಲಿ ಸಿಡಿಸಿದ ಮದ್ದಿನದು ಎಂದುಕೊಂಡಿದ್ದರು, ಕೆಲವರು ವಿಮಾನದ್ದು ಎಂದರು. ಮಣ್ಣು ಕೊಟ್ಟು ಬಂದ ಮರುದಿನ ಕುರಿಯವನೊಬ್ಬ ನಮ್ಮದೇ ಹೊಲದಲ್ಲಿ ಕೊಯ್ದ ಜೋಳದ ಕಣಕಿಯ ನಡುವೆ ಕಪ್ಪು ಕಲ್ಲೊಂದು ನೆಲ ಕೊರೆದುಕೊಂಡು ಕೂತಿದೆ ಎಂದು ಹೇಳಿ ಬಂದ. ಭಾವ ಅದನ್ನು ಅಗೆಸಿ ತಂದು ಅಂಗಳದಲ್ಲಿ ಇಟ್ಟ. ಒರಳುಗುಂಡಿನಷ್ಟು ದೊಡ್ಡದು, ಮೈಯೆಲ್ಲ ಸುಟ್ಟ ಹಂಚಿನ ಕಪ್ಪು. ಬಿದ್ದ ರಭಸಕ್ಕೆ ಒಂದು ಮೂಲೆ ಒಡೆದು ಒಳಗಿನ ಬೂದು ಬಣ್ಣ ಕಾಣುತ್ತಿತ್ತು, ಅದರ ತುಂಬ ಸಾಸಿವೆಯಂಥ ಸಣ್ಣ ಸಣ್ಣ ಗುಂಡುಗಳು. ನನಗೆ ನೋಡಿದ ಕೂಡಲೇ ಅದೇನೆಂದು ಗೊತ್ತಾಯಿತು. ಗ್ರಹಗಳು ಆಗುವ ಮೊದಲು ಆ ಧೂಳಿನಲ್ಲಿ ಕರಗಿ ಹನಿಯಾಗಿ ಗಟ್ಟಿಯಾದ ಕಾಳುಗಳು ಅವು. ಜೋಶಿ ಸರ್ ಚಿತ್ರ ಬರೆದು ತೋರಿಸಿದ್ದರು. ಅತ್ತೆಯೂ ಬಗ್ಗಿ ನೋಡಿದರು.

"ಒಳಗ ಕಾಳ ಐತಿ" ಎಂದರು. "ನಮ್ಮ ಕಾಳ, ನನ್ನ ಮಗಾ, ಎರಡೂ ತಿಂದೈತಿ." ಆಮೇಲೆ ನನ್ನ ಕಡೆ ತಿರುಗಿದರು. "ನೀ ಇಲ್ಲ ಅಂದಿ. ಅದು ಬಂತು."

ಆ ಮಾತಿಗೂ ಆ ಸದ್ದಿಗೂ ನಡುವೆ ಒಂದು ಬಾಯಿ ನೀರು ಉಗುಳುವಷ್ಟೂ ಹೊತ್ತಿರಲಿಲ್ಲ. ಅತ್ತೆಯ ಜಾಗದಲ್ಲಿ ಕೂತು ಯೋಚಿಸಿದರೆ ನನಗೇ ಹಾಗೆ ಅನ್ನಿಸುತ್ತಿತ್ತೋ ಏನೋ. ಮಗನನ್ನು ಕಳೆದುಕೊಂಡವಳಿಗೆ ಒಂದು ಕಾರಣ ಬೇಕು. ಆಕಾಶವನ್ನು ಬೈದರೆ ಅದು ತಿರುಗಿ ನೋಡುವುದಿಲ್ಲ, ಸೊಸೆ ನೋಡುತ್ತಾಳೆ. ನಾನು ಗಂಡನಿಗಾಗಿ ಅಳುವುದನ್ನೂ ಬಿಟ್ಟು ವಾದಕ್ಕೆ ನಿಂತೆ. ಅದು ನಾನು ಹುಟ್ಟುವ ಮೊದಲೇ, ಭೂಮಿ ಹುಟ್ಟುವ ಮೊದಲೇ ಇದ್ದ ಕಲ್ಲು, ಅದಕ್ಕೆ ನನ್ನ ಮಾತು ಹೇಗೆ ಕೇಳಬೇಕು ಎಂದೆ. ನಾನು ನೀರು ಕುಡಿದ ತಂ‍ಬಿಗೆಯನ್ನು ಬೇರೆ ಇಡತೊಡಗಿದರು. ಸಿದ್ಧುವನ್ನು ಹಾಲು ಕುಡಿಸುವಾಗಷ್ಟೇ ನನ್ನ ಕೈಗೆ ಕೊಟ್ಟು, ಕುಡಿದಾದ ಕೂಡಲೇ ಒಯ್ಯತೊಡಗಿದರು. ನನ್ನನ್ನು ತವರಿಗೆ ಕಳಿಸಿ ಕೂಸನ್ನು ಇಟ್ಟುಕೊಳ್ಳುತ್ತಾರೆ ಎಂಬುದು ನನಗೆ ಅರ್ಥವಾದದ್ದು ಆಗ. ಮನೆ ಹೋದರೆ ಹೋಗಲಿ. ಕೂಸನ್ನು ಬಿಟ್ಟು ನಾನು ಬದುಕುವುದು ಹೇಗೆ?

ಅಪ್ಪ ಮಾತನಾಡಿಸಲು ಬಂದಾಗ ಅವನ ಕಾಲು ಹಿಡಿದು, ಜೋಶಿ ಸರ್‌ ಅವರನ್ನು ಕರೆದುಕೊಂಡು ಬಾ ಎಂದೆ. ಹೆಣ್ಣಿನ ಮಾತಿಗೆ ಬೆಲೆ ಇಲ್ಲದಿದ್ದರೂ ಕನ್ನಡಕ ಹಾಕಿದ ದೊಡ್ಡ ಮನುಷ್ಯನೊಬ್ಬ ಬಂದು ಇದು ಯಾರ ತಪ್ಪೂ ಅಲ್ಲ ಎಂದು ಊರ ಪಂಚರ ಎದುರು ಹೇಳಿದರೆ ಕೇಳಿಯಾರು ಎಂಬ ಆಸೆ ನನಗೆ. ಸರ್ ಬಂದರು. ಬಿಸಿಲಲ್ಲಿ ಬಸ್ಸು ಬದಲಿಸಿ, ನನಗಾಗಿಯೇ ಬಂದರು. ಅಂಗಳದಲ್ಲಿ ಕಾಲಿಡುವಾಗ "ವಿಮಲಾ, ಬಾಳಾ, ನನ್ನ ಮಗುವೆ, ಹೆದರಬೇಡ" ಎಂದು ನನ್ನ ತಲೆ ಮುಟ್ಟಿದರು. ಪಂಚರು ಕಟ್ಟೆಯ ಮೇಲೆ ಕೂತಿದ್ದರು. ಮೂಲೆಯಲ್ಲಿ ಬುಟ್ಟಿ ಬೋರಲು ಹಾಕಿ ಕಲ್ಲನ್ನು ಮುಚ್ಚಿದ್ದರು. ಭಾವ ಬುಟ್ಟಿ ಎತ್ತಿದ.

"ಬಾಪ್ ರೇ!" ಎಂದರು ಸರ್.

ಅಲ್ಲಿಗೆ ನಾನು ಮುಗಿದೆ. ಅವರು ಮೊಣಕಾಲೂರಿ ಕೂತು, ಜೇಬಿನಿಂದ ಭೂತಗನ್ನಡಿ ತೆಗೆದು, ಕಲ್ಲಿನ ಮುರಿದ ಮೂಲೆಗೆ ಮುಖ ಹಚ್ಚಿದರು. ಹತ್ತಿರದಲ್ಲೇ ನಾನು ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದೆ, ಕಾಣಲಿಲ್ಲ. ಪಂಚರ ಪೈಕಿ ಹಿರಿಯರೊಬ್ಬರು ಕೆಮ್ಮಿದರು, ಕೇಳಲಿಲ್ಲ. ಆಮೇಲೆ ಎದ್ದು ನಿಂತು, ಕಣ್ಣು ತುಂಬಿಕೊಂಡು, ತರಗತಿಯಲ್ಲಿ ಹೇಳುವಂತೆಯೇ ಮರಾಠಿಯಲ್ಲಿ ಹೇಳಿದರು. ಇದು ನಾನೂರ ಐವತ್ತು ಕೋಟಿ ವರ್ಷದ ಹಿಂದಿನದು. ಸೂರ್ಯ ಹುಟ್ಟುವಾಗಿನ ಧೂಳು. ಈ ನೆಲ, ಈ ಊರು, ಸಮುದ್ರ, ಏನೂ ಆಗದ ಕಾಲದಿಂದ ಇದು ಸುತ್ತುತ್ತ ಬಂದಿದೆ. ಇಷ್ಟು ಹಳೆಯದನ್ನು ನಿಮ್ಮಲ್ಲಿ ಯಾರೂ ಮುಟ್ಟಿರಲಾರಿರಿ, ನೀವು ಭಾಗ್ಯವಂತರು ಎಂದರು. ಮಗ ಸತ್ತ ಮನೆಯಲ್ಲಿ ನಿಂತು ಭಾಗ್ಯವಂತರು ಎಂದರು. ಅವರ ಮೇಲೆ ನನಗೆ ಇರುವ ಗೌರವದಲ್ಲಿ ಆ ಒಂದು ಮಾತಿನ ತೂತು ಹಾಗೇ ಇದೆ.

ಮೈಂದರ್ಗಿಯಲ್ಲಿ ಮರಾಠಿ ಯಾರಿಗೂ ಹೊಸದಲ್ಲ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಭೂಮೀನ ಇದ್ದಿಲ್ಲ ಅಂದ್ರ ಹಾದಿ ಇದ್ದಿಲ್ಲ, ಊರ ಇದ್ದಿಲ್ಲ" ಎಂದರು, ನಿಧಾನವಾಗಿ, ತಮಗೆ ತಾವೇ ಲೆಕ್ಕ ಹಾಕುವಂತೆ. "ಅಷ್ಟ ದೂರಿಂದ, ಅಷ್ಟ ವರ್ಷ ತಿರಗಿ, ನಮ್ಮ ಹೊಲಾನ ಹುಡಕ್ಕೊಂಡ ಬಂತು. ಅಕ್ಕಲಕೋಟಿಗಿ ಬೀಳಲಿಲ್ಲ. ದುಧನಿಗಿ ಬೀಳಲಿಲ್ಲ. ನಮ್ಮ ಹೊಲಕ್ಕ ಬಂತು, ಅಕಿ ಬಾಯಿ ತೆರದ ಹೊತ್ತಿಗೇ ಬಂತು. ಸರ್ರ, ನೀವು ಕಲಿತವ್ರು. ನೀವ ಹೇಳ್ರಿ. ಕರೀಲಾರದ ಅಷ್ಟ ದೂರಿಂದ ಯಾರರ ಬರತಾರೇನ್ರಿ?"

ಸರ್ ಆಕಸ್ಮಿಕ ಎಂದೇನೋ ಅಂದರು. ನಾನೂರ ಐವತ್ತು ಕೋಟಿ ವರ್ಷ ಎಂದವರ ಬಾಯಲ್ಲಿ ಆಕಸ್ಮಿಕ ಎಂಬ ಮಾತು ಎಷ್ಟು ಸಣ್ಣದಾಗಿ ಕೇಳಿಸಿತು. ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನನ್ನು ಉಳಿಸಲಿ ಎಂದು ಕರೆಸಿದ ವಿದ್ಯೆಯೇ ನನ್ನ ಕೊರಳಿಗೆ ಹಗ್ಗ ಹಾಕಿತು.

ಆ ಕಡೆ ಒಂದು ಪದ್ಧತಿ ಇತ್ತು. ಊರಿಗೆ ಬೇನೆ ಬಂದರೆ ಅದನ್ನು ಬುಟ್ಟಿಯಲ್ಲಿಟ್ಟು ಸೀಮೆ ದಾಟಿಸುವುದು. ಯಾರ ಮನೆಗೆ ಮೊದಲು ಬಂತೋ ಆ ಮನೆಯ ಹೆಂಗಸೇ ಬುಟ್ಟಿ ಒಯ್ಯಬೇಕು, ಒಯ್ಯುವವಳು ಹಿಂತಿರುಗಿ ನೋಡಬಾರದು. ಹಿರಿಯ ಪಂಚರು ಅದನ್ನೇ ಹೇಳಿದರು. ಭಾವ ಎದ್ದು ನಿಂತು ಸರ್‌ಗೆ ಕೈ ಮುಗಿದ.

"ಕಲ್ಲೂ ಒಯ್ರಿ, ಅಕಿನ್ನೂ ಒಯ್ರಿ. ಕರದಾಕೀನ ಅದನ್ನ ಸೀಮಿ ದಾಟಸ್ಲಿ. ಕೂಸ ನಮ್ಮದು. ನನ್ನ ತಮ್ಮನ ಹೆಸರ ಹೇಳಾಕ ಅದೊಂದ ಐತಿ."

"ಕಲ್ಲು ಒಯ್ಯಬಹುದೆ? ಖರೆ?" ಎಂದರು ಸರ್. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಮರುಕ್ಷಣವೇ ಉಳಿದ ಮಾತು ಅವರಿಗೆ ತಿಳಿಯಿತು, ಅರಳಿದ್ದು ಹಾಗೇ ಮುದುಡಿತು. ಅಷ್ಟರಲ್ಲಿ ತೀರ್ಮಾನವಾಗಿತ್ತು.

ನಾನು ಕಿರುಚಿದೆ, ಕಂಬ ಹಿಡಿದು ಕೂತೆ. ಅಪ್ಪ ಬಂದು ಬೆರಳು ಬಿಡಿಸಿದ. "ಈಗ ನಡಿ ವಿಮಲಾ. ಅವ್ರ ಎದಿ ಉರಿ ಆರ್ಲಿ. ಕೂಸಿನ್ನ ಆಮ್ಯಾಲ ತರೂಣು, ನಾ ತರತೇನಿ" ಎಂದ. ವ್ಯಾಪಾರಿಯ ಮಾತು. ಇವತ್ತು ಕೊಂಚ ಇಳಿದರೆ ನಾಳೆ ಏರಿಸಬಹುದು ಎಂದು ನಂಬಿದವನು. ನನ್ನ ಅಪ್ಪ ಕೆಟ್ಟವನಾಗಿರಲಿಲ್ಲ, ಅಂಜುಬುರುಕನಾಗಿದ್ದ. ಎರಡಕ್ಕೂ ಫಲ ಒಂದೇ.

ಹೊರಡುವ ಮೊದಲು ಅತ್ತೆ ಸಿದ್ಧುವನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು. ಯಾರಿಗೂ ಕಾಣದಂತೆ ತಮ್ಮ ಸೆರಗನ್ನೇ ನಮ್ಮಿಬ್ಬರ ಮೇಲೆ ಹಿಡಿದು ನಿಂತರು. ಅವನು ಕುಡಿಯುತ್ತ ಕುಡಿಯುತ್ತ ನನ್ನ ಕೊರಳಿನ ಬರಿಜಾಗವನ್ನು ಕೈಯಿಂದ ತಡಕಿದ, ತಾಳಿಯ ಮಣಿ ಹಿಡಿಯುವುದು ಅವನ ರೂಢಿ. ಅತ್ತೆ ಅಳುತ್ತಿದ್ದರು. "ನಾಳಿಂದ ಎಮ್ಮಿ ಹಾಲ ರೂಢಿ ಮಾಡತೇನಿ" ಎಂದರು. "ಚಲೋ ನೋಡ್ಕೋತೇನಿ. ಆ ಮಾತಷ್ಟ ನಂಬು." ಆ ಮಾತನ್ನು ಅವರು ನಡೆಸಿಯೂ ನಡೆಸಿದರು. ನನ್ನ ಸಿಟ್ಟಿಗೆ ಅದೂ ಒಂದು ತೊಡಕು.

ಬಸ್ಸಿನಲ್ಲಿ ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಮಡಿಲಲ್ಲಿ ಇಟ್ಟರು. ಸೀಮೆ ದಾಟುವವರೆಗೆ ನೆಲಕ್ಕೆ ಇಳಿಸುವಂತಿರಲಿಲ್ಲ, ಮತ್ತೊಬ್ಬರು ಹಿಡಿಯುವಂತಿರಲಿಲ್ಲ. ಭಾವ ಸೈಕಲ್ಲಿನ ಮೇಲೆ ಸೀಮೆಯವರೆಗೆ ಹಿಂದೆಯೇ ಬಂದ, ನಾನು ತಿರುಗಿ ನೋಡುತ್ತೇನೋ ಎಂದು ಕಾಯಲು. ಕಲ್ಲು ಸುಮಾರು ನನ್ನ ಮಗನಷ್ಟೇ ಭಾರವಿತ್ತು. ಅಕ್ಕಲಕೋಟೆ ಬರುವ ಹೊತ್ತಿಗೆ ಎದೆ ಬಿಗಿದು ನೋಯತೊಡಗಿತು. ಹಾಲು ತಾನಾಗಿಯೇ ಇಳಿದು ಕುಪ್ಪಸ ತೋಯ್ದು ಗೋಣಿಯ ಮೇಲೆ ತೊಟ್ಟಿಕ್ಕಿತು. ಪಕ್ಕದಲ್ಲಿ ಸರ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಕಲ್ಲು ಈಗ ಕಾಲೇಜೊಂದರ ಗಾಜಿನ ಕಪಾಟಿನಲ್ಲಿದೆ. ಕೆಳಗೆ ಊರಿನ ಹೆಸರಿದೆ, ತೂಕವಿದೆ. ಅದು ಬಿದ್ದ ದಿನ ಸತ್ತವರ ಹೆಸರಿಲ್ಲ. ಜೋಶಿ ಸರ್ ಮಾಡಿದ ಪ್ರಾಯಶ್ಚಿತ್ತವೆಂದರೆ ನನ್ನನ್ನು ಮತ್ತೆ ಕಾಲೇಜಿಗೆ ಸೇರಿಸಿ ಪದವಿ ಮುಗಿಸಿಕೊಟ್ಟದ್ದು. ಅಪ್ಪ ಕೂಸನ್ನು ತರಲು ಹೋದಾಗಲೆಲ್ಲ ಕೂಸು ಮಲಗಿದೆ ಎಂದು ಚಹಾ ಕೊಟ್ಟು ಕಳಿಸಿದರು. ಆಮೇಲೆ ಹೋಗುವುದನ್ನು ಬಿಟ್ಟ. ನಾನು ಶಾಲೆಯ ಬಾಯಿಯಾದೆ. ಸೌರಮಂಡಲದ ಪಾಠ ಬಂದಾಗಲೆಲ್ಲ, ಪ್ರತಿ ವರ್ಷ, ವರ್ಗದ ನಡುವೆ ನಿಂತು ಅದಕ್ಕೂ ಮೊದಲು ಏನೂ ಇರಲಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಹೊಟ್ಟೆಯ ಕಿಚ್ಚಿಗೆ ಹೇಳಿದೆ ಎಂದರೂ ಸರಿ. ಒಂದು ದಿನವೂ ಛಾವಣಿ ಬೀಳಲಿಲ್ಲ.

ಸಿದ್ಧಾರಾಮ ದೊಡ್ಡವನಾದ, ಡಿಗ್ರಿ ಓದಿದ, ಹೊಲ ನೋಡಿಕೊಂಡ. ಯಾರದೋ ಮದುವೆಯಲ್ಲಿ ಕಂಡರೆ ಕಾಲಿಗೆ ಎರಗುತ್ತಿದ್ದ. ಹೋದ ವರ್ಷ ನಾನು ಮನೆಗೆ ಹೋದಾಗ ಅವನು ಹೊಲದಲ್ಲಿದ್ದಾನೆ ಎಂದು ಸೊಸೆ ಹೇಳಿದಳು. ಏಳು ವರ್ಷದ ಮೊಮ್ಮಗಳು ಗೌರಿ ಕೈ ಹಿಡಿದು ಕರೆದುಕೊಂಡು ಹೋದಳು. ಎತ್ತು ಇಲ್ಲ, ಮೇಟಿ ಇಲ್ಲ, ರಾಶಿ ಮಾಡುವ ಯಂತ್ರ ಬಂದಿದೆ. ಆದರೆ ಯಂತ್ರದ ಸುತ್ತಲೂ ಬೂದಿಯ ಗೆರೆ ಎಳೆದಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. "ಯಾವಾಗ ಬಂದ್ರಿ?" ಎಂದು ಮಗ ಕೇಳಿದ. ಯಂತ್ರದ ಪಟ್ಟಾ ಕಳಚಿತೆಂದು ನಿಲ್ಲಿಸಿದರು, ಸುತ್ತ ಒಮ್ಮೆಲೇ ಸುಮ್ಮನಾಯಿತು.

"ಅಜ್ಜಿ, ನೀವು ಸಾಲ್ಯಾಗ ಸೂರ್ಯಾಂದು ಕಲಸ್ತಿದ್ರಂತ" ಎಂದಳು ಗೌರಿ, ರಾಶಿಯ ಪಕ್ಕ ನಿಂತು. "ಸೂರ್ಯಾ ಆಗೂಕಿಂತ ಮೊದಲ ಏನಿತ್ರಿ?"

"ಧೂಳಿನ ಮೋಡ ಇತ್ತವ್ವಾ."

ಅವಳು ಗದ್ದ ಎತ್ತಿದಳು. ಆ ಗದ್ದ ಎತ್ತುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಅದಕ್ಕ ಮೊದಲ?"

ನಾನು ತಲೆ ಎತ್ತಿದೆ. ಮಗ ಪಟ್ಟಾ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಇನ್ನೊಂದು ಕೈ ತನಗೆ ತಿಳಿಯದೆಯೇ ಮಗಳ ಕಡೆ ಚಾಚಿತ್ತು, ಎಳೆದುಕೊಳ್ಳಲು. ನನ್ನ ಮಗ ನನ್ನ ಬಾಯಿಗೆ ಹೆದರುತ್ತಿದ್ದ.

"ಎಲ್ಲಾ ಇತ್ತವ್ವಾ" ಎಂದೆ. "ಭಾಳ ಇತ್ತು."

ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮಗಳನ್ನು ಹತ್ತಿರ ಎಳೆದುಕೊಂಡು, ನನ್ನ ಕಡೆ ನೋಡದೆ, "ಬಿಸಲಾಗ ನಿಂದ್ರಬ್ಯಾಡ್ರಿ. ಮನಿಗಿ ಹೋಗಿ ಚಾ ಕುಡೀರಿ" ಎಂದ.

ನಾನು ಬೂದಿಯ ಗೆರೆ ದಾಟಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ.